ತವರಿಗೆ ಹೊರಟ ತಾಯಿ ಕಾರ್ಡ್

ಇಂದು 9ನೇ ತಾರೀಖು. ಪ್ರತಿ ತಿಂಗಳ ಈ ದಿನ ಗರ್ಭಿಣಿಯರ ವಿಶೇಷ ತಪಾಸಣೆ. ಪಾವಗಡದ ಬಿಸಿಲಿನಲ್ಲಿ ನಡೆದು ಬಂದವರ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಎಲ್ಲವನ್ನೂ ತಾಯಿ ಕಾರ್ಡಿನಲ್ಲಿ ಬರೆದು, ಸಂಜೆ ಕುಳಿತು ತಾಯಿ-ಮಕ್ಕಳ ಆರೋಗ್ಯದ ವಿವರ ದಾಖಲಿಸುವ ಸರ್ಕಾರಿ ಜಾಲತಾಣವಾದ ಆರ್‌ಸಿಎಚ್ ಪೋರ್ಟಲ್‌ಗೆ ತುಂಬಿದೆ.

ಅವರಲ್ಲಿ ಒಬ್ಬಳು ಚೊಚ್ಚಲ ಬಸುರಿ. ಸೀಮಂತ ಮುಗಿಸಿಕೊಂಡು ನಾಳೆ ಗೌರಿಬಿದನೂರಿನ ಕಡೆಯ ತವರಿಗೆ ಹೊರಟಿದ್ದಾಳೆ. ಕಳೆದ ತಿಂಗಳು ಅವಳ ಹಿಮೋಗ್ಲೋಬಿನ್ 8.2 ಇತ್ತು, ಇಂದು 9.4. ಬಸುರಿಯಲ್ಲಿ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆಯೇ. ಆದರೂ ಆ ಅಂಕಿಯನ್ನು ಒತ್ತುವಾಗ ನನಗೆ ಹಿಗ್ಗಾಯಿತು. ಕಾರಣ ನನಗೆ ಗೊತ್ತು. ಅವಳು ಕಬ್ಬಿಣಾಂಶದ ಮಾತ್ರೆಯನ್ನು ಬೆಳಗಿನ ಚಹಾದೊಂದಿಗೆ ನುಂಗುತ್ತಿದ್ದಳು. ಚಹಾ ಆ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ರಾತ್ರಿ ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ, ನಿಂಬೆಹಣ್ಣಿನ ನೀರಿನೊಂದಿಗೆ ತೆಗೆದುಕೊಳ್ಳುವಂತೆ ಹೇಳಿದ್ದೆ.

ಎಷ್ಟು ಮಾತ್ರೆ ಕೊಟ್ಟೆ ಎಂದು ಬರೆಯಲು ಪರದೆಯ ಮೇಲೆ ಜಾಗವಿದೆ. ಚಹಾದ ಕಥೆಗೆ ಜಾಗವಿಲ್ಲ. ಅವಳ 12 ಅಂಕಿಯ ಆರ್‌ಸಿಎಚ್ ಸಂಖ್ಯೆಯನ್ನು ಒತ್ತಿದರೆ ತವರಿನ ದಾದಿಗೆ 8.2, 9.4 ಕಾಣಿಸಬಹುದು, ಅದು ದೊಡ್ಡ ಉಪಕಾರ. ರಿಜಿಸ್ಟರ್ ಒಂದೇ ಇದ್ದ ಕಾಲದಲ್ಲಿ ತವರಿಗೆ ಹೋದವಳ ವಿವರ ನಮ್ಮ ಬೀರುವಿನಲ್ಲೇ ಉಳಿಯುತ್ತಿತ್ತು. ಆದರೆ ನಡುವೆ ಏನಾಯಿತು ಎಂಬುದನ್ನು ಆಕೆಗೆ ಯಾರು ಹೇಳಬೇಕು?

ಕಾರ್ಡಿನ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದೆ: "ಮಾತ್ರೆ ಚಹಾದೊಂದಿಗೆ ಬೇಡ. ದಯವಿಟ್ಟು ಕೇಳಿ ನೋಡಿ." ಅವಳು ಅದನ್ನು ಎರಡು ಸಲ ಓದಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಸೀಮಂತದ ಹಸಿರು ಬಳೆ ತುಂಬಿದ ಕೈಯಿಂದ ಚೀಲದ ತಳಕ್ಕೆ ಇಟ್ಟುಕೊಂಡಳು.