ದತ್ತು ಬಂದ ಮುತ್ತಜ್ಜನ ಹೆತ್ತ ಮನೆಯನ್ನು ಹುಡುಕುವುದು ಹೇಗೆ?

ನನ್ನ ಮುತ್ತಜ್ಜ ಮದ್ದೂರಿನ ಸಮೀಪದ ಹಳ್ಳಿಯ ಮನೆಯೊಂದಕ್ಕೆ ದತ್ತು ಬಂದವರು. ಅವರ ಹೆತ್ತ ಮನೆಯನ್ನು ನಾನು ಕಂಡುಕೊಂಡೆನೆಂದು ತಿಳಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: “ನಮ್ಮಲ್ಲೂ ಹಾಗೆ ಬಂದವರಿದ್ದರು, ಆದರೆ ದತ್ತಕ ಪತ್ರವೇ ಇಲ್ಲವಲ್ಲ, ಎಲ್ಲಿಂದ ಹುಡುಕಬೇಕು?”

ಪತ್ರವಿಲ್ಲವೆಂದು ಎದೆಗುಂದಬೇಕಾಗಿಲ್ಲ. ಹಳೆಯ ಹಿಂದೂ ಕಾನೂನಿನಲ್ಲಾಗಲಿ, 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯಲ್ಲಾಗಲಿ ಮಗುವನ್ನು ಕೊಡುವುದು ಮತ್ತು ತೆಗೆದುಕೊಳ್ಳುವುದು ಮುಖ್ಯವೇ ಹೊರತು ಬರಹ ಕಡ್ಡಾಯವಲ್ಲ. ಆದ್ದರಿಂದ ಅನೇಕ ಮನೆಗಳಲ್ಲಿ ಅಂಥ ಪತ್ರ ಹುಟ್ಟಲೇ ಇಲ್ಲ. ಆದರೆ ಬಂದವರು ನಿಜವಾಗಿ ದತ್ತು ಮಗನೋ, ಸಾಕುಮಗನೋ, ಮನೆಅಳಿಯನೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಎರಡು ತಲೆಮಾರು ಕಳೆಯುವಷ್ಟರಲ್ಲಿ ಈ ಮೂರೂ ಬೆರೆತುಹೋಗಿರುತ್ತವೆ.

ಆಮೇಲೆ ಕೇಳಬೇಕಾದದ್ದು ಮದುವೆಯ ವಿಚಾರ. ದತ್ತು ಹೋದವನಿಗೆ ಹೆತ್ತ ಮನೆಯ ಪಿತ್ರಾರ್ಜಿತದಲ್ಲಿ ಪಾಲು ಕೇಳುವ ಹಕ್ಕು ತಪ್ಪುತ್ತದೆ, ಆದರೆ ಆ ಮನೆಯವರೊಡನೆ ಮದುವೆಯಾಗಬಾರದೆಂಬ ನಿಷೇಧ ತಪ್ಪುವುದಿಲ್ಲ. 1956ರ ಕಾಯಿದೆಯ 12ನೇ ಸೆಕ್ಷನ್ ಕೂಡ ಇದನ್ನೇ ಹೇಳುತ್ತದೆ. ಹೀಗಾಗಿ ಊರಿನ ಹೆಸರು ಮರೆತವರಿಗೂ “ಅಲ್ಲಿಂದ ಹೆಣ್ಣು ತರಬಾರದು” ಎಂಬ ಮಾತು ನೆನಪಿರುತ್ತದೆ. ನಾಗಮಂಗಲ ತಾಲ್ಲೂಕಿನ ಒಂದು ಮನೆಯನ್ನು ಕುರಿತು ನನ್ನ ಸೋದರತ್ತೆ, “ಅವ್ರು ನಮ್ಗೆ ಅಣ್ತಮ್ಮಂದ್ರಾಗ್ಬೇಕು ಕಣಪ್ಪ” ಎಂದಿದ್ದರು. ಮನೆದೇವರು ಬೇರೆಯಾಗಿರುವವರು ನಮಗೆ ಅಣ್ಣತಮ್ಮಂದಿರಾಗುವುದು ಹೇಗೆ ಎಂಬ ಸಂಶಯವೇ ನನಗೆ ದಾರಿ ತೋರಿಸಿತು.

ದಾಖಲೆಯ ವಿಷಯದಲ್ಲಿ ನನ್ನ ಅನುಭವದ ಸಾರವಿಷ್ಟು: ಮಗುವನ್ನು ಪಡೆದ ಮನೆಯ ಕಾಗದಕ್ಕಿಂತ ಕೊಟ್ಟ ಮನೆಯ ಕಾಗದವನ್ನು ಹುಡುಕಬೇಕು. ಅಣ್ಣತಮ್ಮಂದಿರು ಜಮೀನು ಹಂಚಿಕೊಳ್ಳುವಾಗ ಒಬ್ಬನಿಗೇಕೆ ಪಾಲಿಲ್ಲವೆಂದು ಬರೆಯಬೇಕಾದ ಸಂದರ್ಭ ಅಲ್ಲಿಯೇ ಬರುತ್ತದೆ. ನನಗೆ ಸಿಕ್ಕಿದ್ದು ಅಂಥದೊಂದು ಪಾಲುಪಾರೀಖತ್ತು, ಎಂದರೆ ಆಸ್ತಿ ಹಂಚಿಕೆಯ ಪತ್ರ. ಅದರಲ್ಲಿ ಮುತ್ತಜ್ಜನ ಹೆಸರನ್ನೂ ಅವರು ದತ್ತು ಹೋದ ಊರನ್ನೂ ಹೇಳಿ, ಅವರಿಗೆ ಭಾಗವಿಲ್ಲವೆಂದು ಕಾಣಿಸಿದ್ದರು. ಅವರು ಪತ್ರಕ್ಕೆ ರುಜು ಹಾಕಿದವರಲ್ಲವಾದ್ದರಿಂದ ಉಪನೋಂದಣಿ ಕಚೇರಿಯ ಹೆಸರುಗಳ ಸೂಚಿಯಲ್ಲಿ ಅವರಿರಲಿಲ್ಲ. ಅವರ ಅಣ್ಣಂದಿರ ಹೆಸರು ಹಿಡಿದು ಹುಡುಕಿ, ಪತ್ರವನ್ನು ಪೂರ್ತಿ ಓದಬೇಕಾಯಿತು. ಸ್ಥಿರಾಸ್ತಿಯ ಪತ್ರಗಳಿರುವ ಒಂದನೇ ಪುಸ್ತಕದಿಂದ ಶುಲ್ಕ ಕಟ್ಟಿ ಯಾರು ಬೇಕಾದರೂ ನಕಲು ಪಡೆಯಬಹುದು. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೆ ಹಿಂದಿನ ಪತ್ರಗಳಲ್ಲಿ ಈ ಊರುಗಳೆಲ್ಲ ಮೈಸೂರು ಜಿಲ್ಲೆಯವೆಂದೇ ಇರುತ್ತವೆ.

ಡಿಎನ್‌ಎ ಪರೀಕ್ಷೆಯಿಂದಲೇ ಆರಂಭಿಸಬಹುದಲ್ಲ ಎನ್ನುವವರೂ ಇದ್ದಾರೆ. ಮುತ್ತಜ್ಜನಿಂದ ನಮಗೆ ಬಂದಿರುವುದು ಸರಾಸರಿ ಎಂಟರಲ್ಲೊಂದು ಪಾಲು. ಅದನ್ನು ಹೋಲಿಸಿ ನೋಡಲು ಆ ಮನೆಯವರೊಬ್ಬರ ಮಾದರಿಯೂ ಬೇಕಾದ್ದರಿಂದ, ಅದು ಕಂಡ ಮನೆಯನ್ನು ದೃಢಪಡಿಸಲು ನೆರವಾದೀತು, ಅಷ್ಟೆ.

ಮನೆ ಸಿಕ್ಕಿದ ಮೇಲೆ ಅಲ್ಲಿಗೆ ಹೋಗುವ ಘಳಿಗೆ ಸೂಕ್ಷ್ಮವಾದದ್ದು. ಜಮೀನಿನ ಪಾಲು ಕೇಳಲು ಬಂದಿರಬಹುದೆಂಬ ಭಯ ಅವರಿಗೆ ಸಹಜವಾಗಿಯೇ ಇರುತ್ತದೆ, ಆದ್ದರಿಂದ ಆ ಮಾತನ್ನು ನಾವೇ ಮೊದಲು ಎತ್ತಿ ಇತ್ಯರ್ಥ ಮಾಡಬೇಕು. ನಾನು ಪತ್ರದ ನಕಲನ್ನು ಮುಂದಿಟ್ಟು, ನಮಗೆ ಇಲ್ಲಿ ಯಾವ ಭಾಗವೂ ಇಲ್ಲವೆಂದು ಇದರಲ್ಲೇ ಬರೆದಿದೆಯೆಂದು ಹೇಳಿದೆ. ಜಗಲಿಯ ಮೇಲಿದ್ದ ಹಿರಿಯರು ತಮ್ಮ ತಾತನ ಹೆಸರಿನ ಮೇಲೆ ಬೆರಳಿಟ್ಟು, ನನ್ನ ತಂದೆಯ ವಯಸ್ಸು ಕೇಳಿ, ಸ್ವಲ್ಪ ಹೊತ್ತು ಲೆಕ್ಕ ಹಾಕಿ, “ಹಂಗಾದ್ರೆ ನಾನು ನಿಂಗೆ ಚಿಕ್ಕಪ್ಪ ಆಗ್ಬೇಕು” ಎಂದರು.