ರಿಜಿಸ್ಟರಿನಲ್ಲಿ ಸತ್ತು, ಜಾತ್ರೆಯಲ್ಲಿ ಸಿಕ್ಕ ಸಿಲಿಂಡರ್

ಮಗಳಿಗೆ ಗ್ಯಾಸ್ ಬಲೂನ್ ಬೇಕಿತ್ತು. ಊರ ತೇರಿನ ದಿನ, ಸಂಜೆ ಆರೂವರೆ. ಚರುಮುರಿ ಗಾಡಿಯ ಪಕ್ಕ ಬಲೂನಿನವ ನಿಂತಿದ್ದ. ಅವನ ಸಿಲಿಂಡರಿಗೆ ಒದ್ದೆ ಗೋಣಿಚೀಲ ಸುತ್ತಿತ್ತು. ಗೋಣಿ ಒಂದು ಕಡೆ ಜಾರಿ ಒಳಗಿನ ಹಳದಿ ಬಣ್ಣ ಕಾಣುತ್ತಿತ್ತು. ಆ ಹಳದಿಯ ಮೇಲೆ ಕಪ್ಪು ಮಾರ್ಕರಿನಲ್ಲಿ ‘ಆರ್-7’. ಏಳರ ನಡುವೆ ಒಂದು ಅಡ್ಡಗೀಟು. ಹಾಗೆ ಗೀಟು ಹಾಕಿ ಏಳು ಬರೆಯುವವನು ನಮ್ಮ ಸಿಲಿಂಡರ್ ಟೆಸ್ಟ್ ಸ್ಟೇಷನ್ನಿನಲ್ಲಿ ನಾನೊಬ್ಬನೇ.

ನಮ್ಮ ರಿಜಿಸ್ಟರಿನ ಪ್ರಕಾರ ಆರ್-7 ಐದು ತಿಂಗಳ ಹಿಂದೆಯೇ ತುಂಡು ತುಂಡಾಗಿತ್ತು. ಕೆಳಗೆ ನನ್ನದೇ ಸಹಿ.

ನಾನಿರುವುದು ಮಂಗಳೂರು ಕಡೆಯ ಒಂದು ಹೈಡ್ರೋ ಟೆಸ್ಟ್ ಸ್ಟೇಷನ್ನಿನಲ್ಲಿ. ಸಿಲಿಂಡರಿಗೆ ನೀರು ತುಂಬಿ, ಪ್ರೆಶರ್ ಕೊಟ್ಟು ಗಟ್ಟಿ ಇದೆಯೇ ನೋಡುವ ಜಾಗ. ವರ್ಷವಿಡೀ ಬರುವುದು ಆಕ್ಸಿಜನ್, ಸಿಎನ್‌ಜಿ, ಬೆಂಕಿ ಆರಿಸುವ ಸಿಒಟೂ. ಮಳೆಗಾಲದಲ್ಲಿ ಮಾತ್ರ ಸ್ಕೂಬಾ ಟ್ಯಾಂಕುಗಳು ಬರುತ್ತವೆ. ಸಮುದ್ರ ಬಿರುಸಾಗಿ ನೇತ್ರಾಣಿ ಕಡೆ ದೋಣಿ ಹೋಗದ ತಿಂಗಳುಗಳಲ್ಲಿ ಡೈವಿಂಗ್‌ನವರಿಗೆ ಪುರುಸೊತ್ತು, ನಮಗೆ ಕೆಲಸ. ಆ ವರ್ಷ ಒಂದು ಲಾಟಿನಲ್ಲಿ 20 ಟ್ಯಾಂಕ್ ಬಂದವು. ಎಲ್ಲ ಅಲ್ಯುಮಿನಿಯಂ ಎಸ್80. ಅದರಲ್ಲಿ ಎಂಟು ಹೊಳೆಯುವ ಹಳದಿ. “ಹೊಸತರ ಹಾಗೆ ಉಂಟಲ್ಲ ಸಾರ್” ಅಂದ ನಮ್ಮ ಹುಡುಗ. ಹೌದು ಅಂದೆ. ಮೈಮೇಲೆ ಪಂಚ್ ಮಾಡಿದ ತಾರೀಕು ನೋಡಿದರೆ ಹಳೆಯವು.

3000 ಪಿಎಸ್‌ಐ ಪ್ರೆಶರಿನ ಟ್ಯಾಂಕಿಗೆ ಟೆಸ್ಟ್ 5000ದಲ್ಲಿ. ನಮ್ಮ ಗೇಜಿನ ಲೆಕ್ಕದಲ್ಲಿ ಸುಮಾರು 345 ಬಾರ್. ವಾಟರ್ ಜಾಕೆಟ್ ಅನ್ನುವ ನೀರು ತುಂಬಿದ ಪಾತ್ರೆಗೆ ಇಳಿಸಿ, ಪ್ರೆಶರ್ ಏರಿಸಿ, ಹೋಲ್ಡ್ ಮಾಡಿ, ಬಿಡಬೇಕು. ಟ್ಯಾಂಕ್ 100 ಮಿ.ಲೀ. ಉಬ್ಬಿದರೆ, ಪ್ರೆಶರ್ ಇಳಿದ ಮೇಲೆ 10ಕ್ಕಿಂತ ಜಾಸ್ತಿ ಉಳಿಯಬಾರದು. ಮೊದಲ ಹಳದಿ ಟ್ಯಾಂಕಿನಲ್ಲಿ ಅದಕ್ಕಿಂತ ಜಾಸ್ತಿಯೇ ಉಳಿಯಿತು. ನಾನು ಉಬ್ಬು ಅಳೆಯುವ ಬ್ಯುರೆಟ್ಟಿಗೆ ಬೈದೆ. ಎರಡನೆಯದೂ ಹಾಗೆಯೇ. ಪಂಪಿಗೆ ಬೈದೆ. ಎಷ್ಟು ಉಬ್ಬುತ್ತದೆ ಅಂತ ಮೊದಲೇ ಗೊತ್ತಿರುವ ಕ್ಯಾಲಿಬ್ರೇಟೆಡ್ ಸಿಲಿಂಡರ್ ಇಳಿಸಿ ನೋಡಿದರೆ ಮೆಷಿನ್ ಸರಿಯಾಗಿಯೇ ಇತ್ತು. ಆರು ಹಳದಿ ಸಾಲಾಗಿ ಫೇಲಾದ ಮೇಲೆ ಟ್ಯಾಂಕಿನ ಮಾಲೀಕರಿಗೆ ಫೋನ್ ಮಾಡಿದೆ.

“ಪೈಂಟ್ ಯಾರು ಮಾಡಿದ್ದು?”

“ಬೈಕಿನ ರಿಮ್ಮಿಗೆ ಪೌಡರ್ ಕೋಟಿಂಗ್ ಮಾಡ್ತಾರಲ್ಲ, ಅವರೇ ಸಾರ್. ಚೆಂದ ಬಂದಿದೆ ಅಲ್ವಾ?”

ಚೆಂದವೇ ಬಂದಿತ್ತು. ಪೌಡರ್ ಕೋಟಿಂಗಿನ ಓವನ್ ಸಾಮಾನ್ಯವಾಗಿ 180ರಿಂದ 200 ಡಿಗ್ರಿ. ಈ ಅಲ್ಯುಮಿನಿಯಂಗೆ ಗಟ್ಟಿತನ ಬಂದಿರುವುದೇ ಕಾರ್ಖಾನೆಯಲ್ಲಿ ಅಳತೆ ಇಟ್ಟು ಕಾಯಿಸಿದ್ದರಿಂದ. ಮತ್ತೆ 175 ದಾಟಿಸಬೇಡಿ ಅಂತ ತಯಾರಕರು ಹೇಳುತ್ತಾರೆ. ದಾಟಿದರೆ ಲೋಹ ಮೆತ್ತಗಾಗುತ್ತದೆ, ಹೊರಗಿಂದ ಏನೂ ಗೊತ್ತಾಗುವುದಿಲ್ಲ. ಉಳಿದ ಎರಡನ್ನು ಟೆಸ್ಟ್ ಮಾಡದೆ ಹಾಗೇ ರಿಜೆಕ್ಟ್ ಮಾಡಿದೆ. ಎಂಟರ ಮೇಲೂ ಆರ್-1ರಿಂದ ಆರ್-8 ಅಂತ ಬರೆದೆ.

“ಸುಮ್ನೆ ವಾಪಸ್ ಕೊಡಿ ಸಾರ್, ಅಡಿ ಕತ್ತರಿಸಿ ಗಂಟೆ ಮಾಡ್ತೇವೆ” ಅಂದರು ಮಾಲೀಕರು. ಅಡಿ ಕತ್ತರಿಸಿ ತೂಗುಹಾಕಿದರೆ ಸ್ಕೂಬಾ ಟ್ಯಾಂಕ್ ಒಳ್ಳೆಯ ನಾದ ಕೊಡುವುದು ನಿಜ. ಆದರೆ ನಾನು ಅವರಿಗೆ ಪಾಠ ಮಾಡಿದೆ. ಗ್ಯಾಸ್ ಸಿಲಿಂಡರ್ ರೂಲ್ಸ್ ಪ್ರಕಾರ ಫೇಲಾದ ಸಿಲಿಂಡರನ್ನು ಚಪ್ಪಟೆ ಮಾಡಬೇಕು, ಇಲ್ಲವೇ ಮತ್ತೆ ವೆಲ್ಡ್ ಮಾಡಿ ಕೂಡಿಸಲಾಗದ ಹಾಗೆ ಕತ್ತರಿಸಬೇಕು. ಅದಕ್ಕೂ ಮೊದಲು ಪಂಚ್ ಗುರುತು ಅಳಿಸಬೇಕು. ಮೂರು ತಿಂಗಳಿಗೊಮ್ಮೆ ಪೆಸೊಗೆ, ಅಂದರೆ ಸಿಲಿಂಡರುಗಳ ಸುರಕ್ಷತೆ ನೋಡುವ ಕೇಂದ್ರ ಸರಕಾರದ ಸಂಸ್ಥೆಗೆ, ಲೆಕ್ಕ ಕೊಡಬೇಕು. “ನಮ್ಮಲ್ಲಿ ಆ ಥರದ್ದೆಲ್ಲ ನಡೆಯಲ್ಲ” ಅಂತಲೂ ಸೇರಿಸಿದೆ. ಆ ಮಾತು ಈಗ ನೆನಪಾದರೆ ಕಿವಿ ಬಿಸಿಯಾಗುತ್ತದೆ.

ಆಗಸ್ಟಿನಲ್ಲಿ ಸಿಲಿಂಡರ್ ಕತ್ತರಿಸುವ ಬ್ಯಾಂಡ್‌ಸಾ ಮೆಷಿನ್ನಿನ ಬ್ಲೇಡ್ ತುಂಡಾಗಿತ್ತು. ಹೊಸದು ಬೇಕು ಅಂತ ಇಂಡೆಂಟ್ ಹಾಕಿದೆ. ಮೂರು ಕೊಟೇಶನ್ ಬೇಕು ಅಂದರು. ಮೂರು ತಂದೆ. ಒಂದರಲ್ಲಿ ಜಿಎಸ್‌ಟಿ ನಂಬರ್ ಇಲ್ಲ ಅಂದರು. ಕಂಪನಿಯ ಕ್ಯಾಲೆಂಡರನ್ನು ಆರ್ಟ್ ಪೇಪರಿನಲ್ಲಿ ಪ್ರಿಂಟ್ ಮಾಡಿಸಲು ಕೊಟೇಶನ್ ಬೇಕಾಗಿರಲಿಲ್ಲ, ಇರಲಿ. ಸೆಪ್ಟೆಂಬರ್ ಕೊನೆಗೆ ಪೆಸೊಗೆ ಲೆಕ್ಕ ಕಳಿಸುವ ಹೊತ್ತು ಬಂತು. “ಬ್ಲೇಡ್ ಬಂದ ಕೂಡಲೇ ಕತ್ತರಿಸ್ತೀರಲ್ಲ, ಈಗಲೇ ಹಾಕಿಬಿಡಿ” ಅಂದರು ಮ್ಯಾನೇಜರ್. ಎಂಟು ಸಾಲಿನ ಮುಂದೆ ‘ನಾಶಪಡಿಸಲಾಗಿದೆ’ ಅಂತ ಬರೆದು ಸಹಿ ಹಾಕಿದೆ. ಶೆಡ್ಡಿನಲ್ಲಿ ಕೈ ಡ್ರಿಲ್ ಇತ್ತು. ಬ್ಲೇಡ್ ಬರುವ ತನಕ ಒಂದೊಂದಕ್ಕೆ ಎರಡು ತೂತು ಕೊರೆದಿಟ್ಟಿದ್ದರೂ ಮುಂದಿನ ಕಥೆ ಇರುತ್ತಿರಲಿಲ್ಲ. ಐದು ನಿಮಿಷದ ಕೆಲಸ. ವಾಲ್ವ್ ಬಿಚ್ಚಿದೆಯಲ್ಲ, ಸಾಕು ಅಂದುಕೊಂಡೆ.

ಆಯುಧಪೂಜೆಗೆ ಮುಂಚೆ ಶೆಡ್ ಪೂರ್ತಿ ಕ್ಲೀನ್ ಮಾಡುತ್ತಾರೆ. ನಾನು ರಜೆಯಲ್ಲಿದ್ದೆ. ಸ್ಟೋರಿನವರು ರಿಜಿಸ್ಟರ್ ನೋಡಿದರು. ಕಾಗದದಲ್ಲಿ ಆ ಎಂಟೂ ಸತ್ತಿದ್ದವು, ಅವರ ಕಣ್ಣಿಗೆ ಮೂಲೆಯಲ್ಲಿದ್ದದ್ದು ಬರೀ ಅಲ್ಯುಮಿನಿಯಂ. ಗುಜರಿಗೆ ತೂಕಕ್ಕೆ ಹೋಯಿತು. ವಾಪಸ್ ಬಂದಾಗ ಮೂಲೆ ಖಾಲಿ. ಯಾರೋ ಬ್ಲೇಡ್ ತಂದು ಕತ್ತರಿಸಿರಬೇಕು ಅಂದುಕೊಂಡೆ. ಕೇಳಲಿಲ್ಲ. ನಿಜ ಹೇಳಬೇಕೆಂದರೆ, ಕೇಳಲು ಮನಸ್ಸಿರಲಿಲ್ಲ. ಬ್ಯಾಂಡ್‌ಸಾದಲ್ಲಿ ಇನ್ನೂ ಬ್ಲೇಡ್ ಇಲ್ಲದ್ದು ಕಣ್ಣೆದುರೇ ಇತ್ತು.

ಈಗ ತೇರಿನ ದಿನಕ್ಕೆ ಬರೋಣ.

ನಾನು ಮಾಡಿದ ಮೊದಲ ಕೆಲಸ ಅತೀ ದಡ್ಡತನದ್ದು. ಹತ್ತಿರ ಹೋಗಿ ಅಂಗೈ ಇಟ್ಟೆ. ಒದ್ದೆ ಗೋಣಿಯ ಮೇಲಿಂದಲೇ ಬಿಸಿ ತಗುಲಿತು. ಪಕ್ಕದಲ್ಲಿ ಮಗಳು ಗುಲಾಬಿ ಬಣ್ಣದ ಬಲೂನೇ ಬೇಕು ಅನ್ನುತ್ತಿದ್ದಳು.

“ಎಲ್ಲಿ ಸಿಕ್ತು ಇದು?”

“ಗುಜರ್ಯಾಗ ತಗೊಂಡೇನ್ರಿ ಸರ. ಕಬ್ಬಿಣದ್ದು ಭಾಳ ವಜ್ಜೆ. ಇದು ಹಗುರ ಐತ್ರಿ.” ಆಮೇಲೆ ಖುಷಿಯಿಂದ ಹೇಳಿದ, “ಇದರಾಗ ಇನ್ನೊಂದು ಮಜಾ ಐತ್ರಿ. ಚೂರು ಕಮ್ಮಿ ಹಾಕಿದ್ರೂ ಗ್ಯಾಸ್ ಜಗ್ಗಿ ಬರತೈತಿ.”

ಎದೆ ಧಸಕ್ಕೆಂದದ್ದು ಆಗ. ಇಂಥ ಬಲೂನಿನವರು ಕಾಸ್ಟಿಕ್ ಸೋಡಾ, ನೀರು, ಅಲ್ಯುಮಿನಿಯಂ ಚೂರು ಸೇರಿಸಿ ಸಿಲಿಂಡರಿನೊಳಗೇ ಹೈಡ್ರೋಜನ್ ಮಾಡುತ್ತಾರೆ. ಕಬ್ಬಿಣದ ಸಿಲಿಂಡರಿನಲ್ಲೇ ಅದು ಅಪಾಯ, ಎಷ್ಟೋ ಕಡೆ ಒಡೆದು ಜನ ಸತ್ತಿದ್ದಾರೆ. ಇಲ್ಲಿ ಸಿಲಿಂಡರೇ ಅಲ್ಯುಮಿನಿಯಂ. ಚೂರು ಕಮ್ಮಿ ಹಾಕಿದರೂ ಗ್ಯಾಸ್ ಯಾಕೆ ಜಾಸ್ತಿ ಬರುತ್ತಿತ್ತು ಅಂದರೆ, ಸೋಡಾ ಗೋಡೆಯನ್ನೇ ತಿನ್ನುತ್ತಿತ್ತು. ಅದೂ ಓವನ್ನಿನಲ್ಲಿ ಮೆತ್ತಗಾದ ಗೋಡೆ.

ವಾಲ್ವ್ ಬಿಡಿಸಿ ಗ್ಯಾಸ್ ಹೊರಗೆ ಬಿಡಿಸಲೇ? ಎರಡು ಮಾರು ದೂರದಲ್ಲಿ ಕಡಲೆ ಹುರಿಯುವವನ ಒಲೆ. ಎತ್ತಿ ಗದ್ದೆಗೆ ಒಯ್ಯಲೇ? ಯಾರು ಎತ್ತುವುದು? ಹದಿನೈದು ವರ್ಷದ ಅನುಭವದವನು ಹೀಗೆ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಹೆಂಡತಿ ಎರಡೇ ನಿಮಿಷ ಅನ್ನುತ್ತಾಳೆ. ಕೊನೆಗೆ “ಸಿಲಿಂಡರ್ ಒಡೆಯುತ್ತೆ, ದೂರ ಹೋಗಿ” ಅಂತ ಕೂಗಿದೆ. ಅದು ಎರಡನೇ ದಡ್ಡತನ. ದೂರ ಹೋಗುವ ಬದಲು ಜನ ಏನದು ಅಂತ ನೋಡಲು ಬಂದರು. ಒಬ್ಬ ಮೊಬೈಲ್ ತೆಗೆದ.

ಬುದ್ಧಿ ಓಡಿಸಿದ್ದು ಚರುಮುರಿಯವರು. ತಮ್ಮ ಸ್ಟವ್ ಆರಿಸಿ, ಕಡಲೆಯವನ ಒಲೆಗೆ ಒಂದು ಕೊಡ ನೀರು ಸುರಿದು, ಮೈಕಿನವರ ಹತ್ತಿರ ಓಡಿದರು. “ಬಲೂನಿನ ಹತ್ತಿರ ಇರುವ ಮಕ್ಕಳನ್ನು ತಂದೆತಾಯಿ ಕೂಡಲೇ ದೇವಸ್ಥಾನದ ಒಳಗೆ ಕರೆದುಕೊಂಡು ಬನ್ನಿ” ಅಂತ ಮೈಕಿನಲ್ಲಿ ಬಂತು. ಒಡೆಯುತ್ತೆ ಅನ್ನುವ ಮಾತೇ ಇಲ್ಲ. ಜಾಗ ಖಾಲಿಯಾಯಿತು. ಬಲೂನಿನವನನ್ನು ರಟ್ಟೆ ಹಿಡಿದು ಎಳೆದುಕೊಂಡು ಹೋದೆ. ಅವನು ತಿರುತಿರುಗಿ ತನ್ನ ಬಲೂನುಗಳನ್ನು ನೋಡುತ್ತಿದ್ದ. ಅಗ್ನಿಶಾಮಕದವರು ಬಂದು ದೂರದಿಂದ ತುಂಬಾ ಹೊತ್ತು ನೀರು ಹೊಡೆದರು. ಒಡೆಯಲಿಲ್ಲ. ತೇರು ಒಂದು ಗಂಟೆ ತಡವಾಗಿ ಹೊರಟಿತು.

ಬಲೂನಿನವನಿಗೆ ಎಲ್ಲರೂ ಬೈದರು. ಪೊಲೀಸರು ಕರೆದುಕೊಂಡು ಹೋದರು. ನನಗೆ ಮರುದಿನ ಆಡಳಿತ ಮಂಡಳಿಯವರು ಶಾಲು ಹೊದಿಸಿದರು. “ಇವರು ಆ ಫೀಲ್ಡಿನವರೇ ಆದ್ದರಿಂದ ಗುರುತಿಸಿದರು” ಅಂತ ಮೈಕಿನಲ್ಲಿ ಹೇಳಿದರು. ಹೌದು, ಅಕ್ಷರ ನನ್ನದೇ ಅಲ್ವಾ? ಹಾಗಂತ ಹೇಳಲು ಬಾಯಿ ಬರಲಿಲ್ಲ. ಹೊದಿಸಿಕೊಂಡು ಬಂದೆ. ಪೊಲೀಸ್ ಸ್ಟೇಷನ್ನಿಗೆ ಹೋಗಿ ನಡೆದದ್ದು ಹೇಳಿದ್ದು ಅದರ ಮರುದಿನ. ಶಾಲು ಇನ್ನೂ ಕಪಾಟಿನಲ್ಲಿದೆ, ಒಮ್ಮೆಯೂ ಬಳಸಿಲ್ಲ.

ಆಫೀಸಿನಲ್ಲಿ ಹೇಳಿದಾಗ ಮ್ಯಾನೇಜರ್ ಮೊದಲು ಕೇಳಿದ್ದು, “ರಿಜಿಸ್ಟರ್ ಕ್ಲಿಯರ್ ಇದೆಯಲ್ಲ?” ಬ್ಲೇಡ್ ಮಾತ್ರ ಆ ವಾರವೇ ಬಂತು, ಒಂದೇ ಕೊಟೇಶನ್ನಿಗೆ. ಆರ್-7 ನಮ್ಮ ಶೆಡ್ಡಿಗೆ ವಾಪಸ್ ಸಿಕ್ಕಾಗ ನಾನೇ ಕತ್ತರಿಸಿದೆ. ಒಳಗೆ ಹುಳ ತಿಂದ ಹಲಸಿನ ಹಲಗೆಯ ಹಾಗಿತ್ತು. ತಳದ ಕಡೆ ಒಂದು ಜಾಗದಲ್ಲಿ ಗೋಡೆ ಅರ್ಧಕ್ಕರ್ಧ ಉಳಿದಿತ್ತು. ಈಗ ರಿಜೆಕ್ಟ್ ಆದ ಕೂಡಲೇ ಡ್ರಿಲ್ ಹಾಕುತ್ತೇನೆ, ಆಮೇಲೆ ಟೀ. ರಿಜಿಸ್ಟರಿನಲ್ಲಿ ಸಹಿ ಹಾಕುವುದು ತುಂಡುಗಳನ್ನು ಮೇಜಿನ ಮೇಲೆ ಇಟ್ಟುಕೊಂಡು. ಹುಡುಗರು ನಗುತ್ತಾರೆ, ನಗಲಿ.

ಗುಜರಿಯವರ ಹತ್ತಿರ ನಾಲ್ಕು ಸಲ ಹೋದೆ. ಆರ್-1, 3, 4, 6, 8 ಅಲ್ಲಿಯೇ ಸಿಕ್ಕಿದವು. ಒಂದರಲ್ಲಿ ಛತ್ರಿ ನಿಲ್ಲಿಸಿದ್ದರು. ಆರ್-2 ಮತ್ತು ಆರ್-5 ಯಾರು ಒಯ್ದರು ಅಂತ ಅವರಿಗೂ ನೆನಪಿಲ್ಲ. ಎರಡೂ ಹಳದಿ. ಎಲ್ಲಾದರೂ ಕಂಡರೆ ನನ್ನ ಹಾಗೆ ಅಂಗೈ ಇಡಬೇಡಿ. ದೂರ ಹೋಗಿ 112ಕ್ಕೆ ಫೋನ್ ಮಾಡಿ.