612 ಉತ್ತರ, ಆ ಬೀದಿಯಿಂದ ನಾಲ್ಕು

ನಗರಪಾಲಿಕೆಗಳಿಗೆ ಆನ್‌ಲೈನ್ ಸರ್ವೆ ಮಾಡಿಕೊಡುವುದು ನನ್ನ ಕೆಲಸ. ಹೋದ ವರ್ಷದ ಒಂದು ವಾರ್ಡ್ ಕಮಿಟಿ ಮೀಟಿಂಗ್ ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ವಾರ್ಡಿಗೆ ಬಂದ ದುಡ್ಡಲ್ಲಿ ಮೊದಲು ಯಾವ ಕೆಲಸ ಆಗಬೇಕು ಅಂತ ಜನರನ್ನೇ ಕೇಳುವ ಸರ್ವೆ ಅದು. ನನ್ನ ಗಮನವೆಲ್ಲ ಭಾಷೆಯ ಮೇಲಿತ್ತು. 2020ರಲ್ಲಿ ಕೇಂದ್ರ ಸರ್ಕಾರ ಇಐಎ, ಅಂದರೆ ಯೋಜನೆಗಳಿಂದ ಪರಿಸರಕ್ಕೆ ಏನಾಗುತ್ತೆ ಅಂತ ಮೊದಲೇ ಅಳೆಯುವ ನಿಯಮಗಳ ಕರಡಿನ ಬಗ್ಗೆ ಜನರ ಅಭಿಪ್ರಾಯ ಕೇಳಿದಾಗ ಕರಡು ಇದ್ದದ್ದು ಇಂಗ್ಲಿಷ್, ಹಿಂದಿಯಲ್ಲಿ. ಸಂವಿಧಾನದ 22 ಭಾಷೆಗಳಿಗೂ ಅನುವಾದ ಮಾಡಿಸಿ ಅಂತ ದೆಹಲಿ ಹೈಕೋರ್ಟ್ ಹೇಳಬೇಕಾಯಿತು. ಓದಲು ಬಾರದ ಕರಡಿಗೆ ಜನ ಏನಂತ ಅಭಿಪ್ರಾಯ ಹೇಳಬೇಕು? ಆ ಸಿಟ್ಟು ನನ್ನಲ್ಲಿ ಇನ್ನೂ ಇತ್ತು. ಅದಕ್ಕೇ ನಮ್ಮ ಫಾರ್ಮಿನ ಒಂದೊಂದು ಪ್ರಶ್ನೆಯನ್ನೂ ಕನ್ನಡದಲ್ಲೇ ಬರೆದೆ, ಸ್ಟಾರ್ಮ್ ವಾಟರ್ ಡ್ರೈನ್ ಬದಲು ಚರಂಡಿ ಅಂತಲೇ ಹಾಕಿದೆ, ಆಫೀಸ್ ಎದುರಿನ ಟೀ ಅಂಗಡಿಯಲ್ಲಿ ಕೂತವರಿಗೆ ಕೊಟ್ಟು ಓದಿಸಿದೆ.

ಡೂಪ್ಲಿಕೇಟ್ ಬರಬಾರದು ಅಂತ ಒಬ್ಬರಿಗೆ ಒಂದೇ ಉತ್ತರ ಅನ್ನುವ ಸೆಟ್ಟಿಂಗ್ ಆನ್ ಮಾಡಿದೆ. ಗೂಗಲ್ ಫಾರ್ಮಲ್ಲಿ ಅದು ಆನ್ ಇದ್ದರೆ ಲಾಗಿನ್ ಆಗದೆ ಉತ್ತರ ಕೊಡಲು ಆಗುವುದಿಲ್ಲ. ನನಗೆ ಗೊತ್ತಿತ್ತು. ಎಲ್ಲರ ಫೋನಲ್ಲೂ ಜಿಮೇಲ್ ಇರುತ್ತೆ ಅಲ್ವಾ ಅಂದುಕೊಂಡೆ.

ಮೀಟಿಂಗಲ್ಲಿ ಪ್ರೊಜೆಕ್ಟರ್ ಹಾಕಿ ಚಾರ್ಟ್ ತೋರಿಸಿದೆ. 612 ಉತ್ತರ. ಮೊದಲನೇದು ಪಾರ್ಕಿನ ವಾಕಿಂಗ್ ಟ್ರ್ಯಾಕ್, ಎರಡನೇದು ಸಿಸಿಟಿವಿ. ಎಇಇ, ಅಂದರೆ ಪಾಲಿಕೆಯ ಇಂಜಿನಿಯರ್, ಆಗಲೇ ಪ್ರಪೋಸಲ್ ಮಾತು ಶುರು ಮಾಡಿದ್ದರು. ಹಿಂದಿನ ಸಾಲಿಂದ ಒಬ್ಬ ಹೆಂಗಸು ಎದ್ದು ನಿಂತರು. "ಮೇಡಂ, ಇದರಲ್ಲಿ ನಮ್ಮ ಬೀದಿಯವರು ಎಷ್ಟು ಜನ?"

ಶೀಟ್ ತೆರೆದು ಫಿಲ್ಟರ್ ಹಾಕಿದೆ. ನೆಟ್ ನಿಧಾನ. ದೊಡ್ಡ ಪರದೆಯ ಮೇಲೆ ಸುತ್ತುವ ಚಕ್ರವನ್ನು ನಲವತ್ತು ಜನ ಸುಮ್ನೆ ನೋಡುತ್ತಾ ಕೂತಿದ್ದರು. ಕೊನೆಗೆ ಸಾಲುಗಳು ಬಂದವು. ನಾಲ್ಕು.

ಆಕೆ ಮುಂದೆ ಬಂದು ಫೋನ್ ನನ್ನ ಕೈಗೇ ಕೊಟ್ಟರು. ಗಾಜು ಮೂಲೆಯಿಂದ ಒಡೆದಿತ್ತು, ಮೇಲೆ ಸೆಲ್ಲೋಟೇಪ್. ಪಾಸ್‌ವರ್ಡ್ ಕೇಳುವ ಪುಟ ತೆರೆದಿತ್ತು. "ಅಂಗಡಿಯವನು ಮಾಡಿಕೊಟ್ಟ ಜಿಮೇಲು. ಪಾಸ್‌ವರ್ಡ್ ನಮಗೇನು ಗೊತ್ತು? ಇಲ್ಲಿಗೇ ನಿಂತುಹೋಗುತ್ತೆ. ಮಳೆ ಬಂದರೆ ಚರಂಡಿ ನೀರು ಒಳಗೆ ಬರದ ಹಾಗೆ ಹೊಸ್ತಿಲಿಗೆ ಹಲಗೆ ಇಟ್ಟು ಕೂತಿರ್ತೀವಿ, ಅದನ್ನ ಎಲ್ಲಿ ಬರೀಲಿ ಹೇಳಿ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಚರಂಡಿ ಅನ್ನುವ ಪದ ಆ ಪುಟದ ಹಿಂದೆಯೇ ಇತ್ತು, ಅಷ್ಟು ಚೆನ್ನಾಗಿ ಬರೆದಿದ್ದೆ. ಬಾಗಿಲಿಗೆ ಬೀಗ ಹಾಕಿದವಳೂ ನಾನೇ.

"ಡೇಟಾ ಇದೆಯಲ್ಲಾ ಮೇಡಂ, ಕಳಿಸಿಬಿಡೋಣ" ಅಂದರು ಎಇಇ. ಮೂರು ದಿನ ಟೈಮ್ ಕೊಡಿ ಅಂದೆ. ನಮ್ಮ ಮ್ಯಾನೇಜರ್ ಡೆಡ್‌ಲೈನ್ ಅಂತ ಫೋನಲ್ಲಿ ಕೂಗಾಡಿದರು. ಆದರೂ ಇಬ್ಬರು ಹುಡುಗರನ್ನು ಕರೆದುಕೊಂಡು ಉತ್ತರ ಕಡಿಮೆ ಬಂದ ಆರು ಬೀದಿಗಳಲ್ಲಿ ಕಾಗದ, ಪೆನ್ನು ಹಿಡಿದು ಮನೆಮನೆ ತಿರುಗಿದೆ. ಆರರಲ್ಲಿ ಐದು ಬೀದಿಗೆ ಚರಂಡಿಯೇ ಮೊದಲ ಕೆಲಸ ಆಗಬೇಕಿತ್ತು. ವರದಿಯಲ್ಲಿ ಎರಡೂ ಲೆಕ್ಕ ಬೇರೆ ಬೇರೆಯಾಗಿ ಇಟ್ಟೆ, ಒಟ್ಟು ಕೂಡಿಸಲಿಲ್ಲ. ಕೂಡಿಸಿದ್ದರೆ ಅಪಾರ್ಟ್‌ಮೆಂಟ್ ಗ್ರೂಪುಗಳ ಉತ್ತರದಲ್ಲಿ ಈ ಬೀದಿಗಳು ಮತ್ತೆ ಮುಳುಗಿಹೋಗುತ್ತಿದ್ದವು. ಕಮಿಟಿ ಚರಂಡಿಯನ್ನೇ ಮೊದಲು ತೆಗೆದುಕೊಂಡಿತು.

ನಮ್ಮ ಆಫೀಸಿನ ಡ್ಯಾಶ್‌ಬೋರ್ಡಲ್ಲಿ ಇವತ್ತಿಗೂ ಟಾರ್ಗೆಟ್ ಅಂದರೆ ಒಟ್ಟು ಉತ್ತರ ಎಷ್ಟು ಅನ್ನುವುದು ಒಂದೇ. ಯಾವ ಬೀದಿಯಿಂದ ಒಂದೂ ಬಂದಿಲ್ಲ ಅನ್ನುವ ಕಾಲಂ ನಾನು ಸೇರಿಸಿದ್ದೆ. ಜಾಸ್ತಿ ಆಯಿತು ಅಂತ ಹೋದ ವಾರ ತೆಗೆದರು. ಸೋಮವಾರ ಮತ್ತೆ ಹಾಕಿದ್ದೇನೆ.